ಇಲಿ, ಬೆತ್ತ, ಬೆಲ್: ಹಾಸಿಗೆ ಒದ್ದೆ ಮಾಡ್ಕೊಳ್ಳೋ ಮಕ್ಕಳ ಹಿಸ್ಟರಿ

(1/5)

ಬಿಕಾಂನವರಲ್ವಾ, ಒಂದು ಲೆಕ್ಕದಿಂದಲೇ ಶುರು ಮಾಡೋಣ. ನಿಮ್ಮ ಸೆಕ್ಷನ್‌ನಲ್ಲಿ 60 ಜನ ಇದ್ದೀರಿ ಅಂದ್ಕೊಳ್ಳಿ. ನೀವೆಲ್ಲ ಐದು ವರ್ಷದವರಾಗಿದ್ದಾಗ ನಿಮ್ಮಲ್ಲಿ ಸುಮಾರು ಒಂಬತ್ತು ಜನ ರಾತ್ರಿ ನಿದ್ದೆಯಲ್ಲಿ ಉಚ್ಚೆ ಮಾಡ್ಕೋತಿದ್ರು. 100ಕ್ಕೆ ಹೆಚ್ಚುಕಮ್ಮಿ 15. ಆ ಒಂಬತ್ತು ಜನ ಯಾರು ಅಂತ ನಮಗೆ ಗೊತ್ತಿಲ್ಲ, ಅವರಂತೂ ಹೇಳಲ್ಲ.

ರಾಜರು, ಯುದ್ಧ, ಕೋಟೆ ಎಲ್ಲಾ ಈ ಪೇಜಲ್ಲಿ ಸಾಕಷ್ಟು ಆಯ್ತು. ಈ ಸಲ ಯಾವ ಪರೀಕ್ಷೆಗೂ ಬರದ ಹಿಸ್ಟರಿ. ನಗ್ಬೇಡಿ ಅಂತ ಹೇಳಲ್ಲ, ನಾನೂ ಮೊದಲು ನಕ್ಕೆ.

ಇದು ಎಷ್ಟು ಹಳೇ ಸಮಸ್ಯೆ ಗೊತ್ತಾ? ಕ್ರಿ.ಪೂ. 1550ರ ಸುಮಾರಿನ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲೇ ಮಕ್ಕಳ ಮೂತ್ರ ತಡೆಯೋಕೆ ಔಷಧಿ ಬರೆದಿದ್ದಾರೆ. ನಮ್ಮ ಆಯುರ್ವೇದದ ಶಾರ್ಙ್ಗಧರ ಸಂಹಿತೆಯಲ್ಲಿ ಮಕ್ಕಳ ರೋಗಗಳ ಪಟ್ಟಿಯಲ್ಲಿ ಇದಕ್ಕೆ ‘ಶಯ್ಯಾಮೂತ್ರ’ ಅಂತ ನೀಟಾದ ಹೆಸರೇ ಇದೆ. ರೋಮಿನ ಪ್ಲಿನಿ ಕ್ರಿ.ಶ. 77ರ ಹೊತ್ತಿಗೆ ಬರೆದ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಹೇಳೋ ಮದ್ದು: ಬೇಯಿಸಿದ ಇಲಿಯನ್ನ ಮಗುವಿನ ಊಟದಲ್ಲಿ ಸೇರಿಸಿ ಕೊಡಿ. 1540ರ ದಶಕದಲ್ಲಿ ಇಂಗ್ಲೆಂಡಿನ ಥಾಮಸ್ ಫೇಯರ್ ಮಕ್ಕಳ ಆರೋಗ್ಯದ ಬಗ್ಗೆ ಪುಸ್ತಕ ಬರೆದ. ಇಂಗ್ಲಿಷಿನಲ್ಲಿ ಈ ವಿಷಯಕ್ಕೆ ಅದೇ ಮೊದಲನೇ ಪುಸ್ತಕ ಅಂತಾರೆ. ಅದರಲ್ಲಿ ಹುಂಜದ ಗಂಟಲ ನಾಳ ಸುಟ್ಟ ಪುಡಿ, ಆಡಿನ ಗೊರಸಿನ ಪುಡಿ ಇವೆ. ನಮ್ಮ ಅಜ್ಜಿಯ ಎಳ್ಳುಂಡೆ ಇದಕ್ಕಿಂತ ಸಾವಿರ ಪಾಲು ವಾಸಿ. ತಿನ್ನೋಕಾದ್ರೂ ರುಚಿ ಇರುತ್ತೆ.

(2/5)

ಈಗ ಪ್ರಶ್ನೆ. ಇಲಿ ತಿನ್ಸಿದ್ರೆ ಏನೂ ಆಗಲ್ಲ ಅಂತ ನೂರಾರು ವರ್ಷ ಯಾರಿಗೂ ಗೊತ್ತಾಗಲೇ ಇಲ್ವಾ?

ಉತ್ತರ ನಮ್ಮ ಅಕೌಂಟ್ಸ್ ಸಿಲಬಸ್‌ನಲ್ಲೇ ಇದೆ. ಡಿಪ್ರಿಸಿಯೇಶನ್‌ನ ಡಬ್ಲ್ಯುಡಿವಿ ಮೆಥಡ್ ನೆನಪಿದೆಯಾ? ಪ್ರತಿ ವರ್ಷ ಉಳಿದ ಮೊತ್ತದ ಮೇಲೆ ಇಷ್ಟು ಪರ್ಸೆಂಟ್ ಕಳೀತಾ ಹೋಗೋದು. ಹಾಸಿಗೆ ಒದ್ದೆ ಮಾಡೋ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 15% ಜನಕ್ಕೆ ಯಾವ ಮದ್ದೂ ಇಲ್ಲದೆ ತಾನಾಗೇ ನಿಂತುಹೋಗುತ್ತೆ. 100 ಮಕ್ಕಳು ಮುಂದಿನ ವರ್ಷಕ್ಕೆ 85, ಆಮೇಲೆ 72, ಆಮೇಲೆ 61. ಹೀಗಾಗಿ 100 ಮಕ್ಕಳಿಗೆ ಇಲಿ ತಿನ್ಸಿದ್ರೆ ವರ್ಷದೊಳಗೆ 15 ಅಮ್ಮಂದಿರು ‘ನಮ್ಮ ಮಗೂಗೆ ವಾಸಿಯಾಯ್ತು ಕಣ್ರೀ’ ಅಂತ ಬೀದಿಗೆಲ್ಲ ಹೇಳ್ತಾರೆ. ಉಳಿದ 85 ಅಮ್ಮಂದಿರು ನಾಚಿಕೆಗೆ ಬಾಯಿ ಮುಚ್ಚಿಕೊಂಡಿರ್ತಾರೆ. ಇಲಿಗೆ ಫುಲ್ ಕ್ರೆಡಿಟ್, ಡೆಬಿಟ್ ಎಂಟ್ರಿನೇ ಇಲ್ಲ.

ಡಬ್ಲ್ಯುಡಿವಿಯಲ್ಲಿ ಮೊತ್ತ ಯಾವತ್ತೂ ಪೂರ್ತಿ ಸೊನ್ನೆಗೆ ಬರಲ್ಲ ಅಲ್ವಾ? ಇಲ್ಲೂ ಹಾಗೇ. ದೊಡ್ಡವರಲ್ಲೂ ಸರಿಸುಮಾರು 100ಕ್ಕೆ ಒಬ್ಬರಿಗೆ ಇದು ಇರುತ್ತೆ. ಹಾಸ್ಟೆಲ್‌ಗೆ ಸೇರಲ್ಲ, ಟ್ರಿಪ್‌ಗೆ ಬರಲ್ಲ ಅನ್ನೋ ಫ್ರೆಂಡ್‌ಗೆ ‘ಜಂಬ’ ಅಂತ ಹೆಸರಿಡೋ ಮುಂಚೆ ಇದೂ ಒಂದು ಕಾರಣ ಇರಬಹುದು ಅಂತ ತಲೇಲಿರಲಿ.

(3/5)

ಇಲಿಗೆ ಸಿಕ್ಕಿದ ಕ್ರೆಡಿಟ್ ಬೆತ್ತಕ್ಕೂ ಸಿಕ್ತು. ಈ ಭಾಗ ಸ್ವಲ್ಪ ಉದ್ದ ಆಗುತ್ತೆ, ಓದಿ.

1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಒಬ್ಬ ಹುಡುಗ ಹುಟ್ಟಿದ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ನೌಕರ. ಹುಡುಗನ ಹೆಸರು ಎರಿಕ್ ಬ್ಲೇರ್. ಮುಂದೆ ಜಾರ್ಜ್ ಆರ್ವೆಲ್ ಆದ, ‘ಅನಿಮಲ್ ಫಾರ್ಮ್’, ‘1984’ ಬರೆದವರು. ಎಂಟು ವರ್ಷಕ್ಕೆ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ರು. ಮನೆಯಲ್ಲಿ ನಿಂತೇಹೋಗಿದ್ದ ಅಭ್ಯಾಸ ಅಲ್ಲಿ ಮತ್ತೆ ಶುರುವಾಯ್ತು. ದಿನಾ ರಾತ್ರಿ ದೇವರಲ್ಲಿ ಬೇಡ್ಕೋತಿದ್ದನಂತೆ, ಇವತ್ತೊಂದು ದಿನ ಹಾಸಿಗೆ ಒದ್ದೆ ಆಗದೆ ಇರ್ಲಪ್ಪಾ ಅಂತ. ಆಗ್ತಿತ್ತು.

ಒಂದು ದಿನ ಹೆಡ್‌ಮಾಸ್ಟರ್ ಕರೆಸಿ ಕುದುರೆ ಸವಾರಿಯ ಬೆತ್ತದಿಂದ ಹೊಡೆದ್ರು. ಹೊರಗೆ ಬಂದು ಜೊತೆಯವರ ಮುಂದೆ ‘ನೋವೇ ಆಗ್ಲಿಲ್ಲ’ ಅಂದ. ಎಂಟು ವರ್ಷದ ಹುಡುಗ ಇನ್ನೇನು ಹೇಳ್ತಾನೆ? ಅದು ಹೆಡ್‌ಮಾಸ್ಟರ್ ಹೆಂಡತಿ ಕಿವಿಗೆ ಬಿತ್ತು. ಮತ್ತೆ ಒಳಗೆ ಕಳಿಸಿದ್ರು. ಈ ಸಲ ಬೆತ್ತ ಮುರಿಯೋವರೆಗೂ ಏಟು.

ಇದನ್ನೆಲ್ಲ ಆರ್ವೆಲ್ ದೊಡ್ಡವರಾದ ಮೇಲೆ ‘ಸಚ್, ಸಚ್ ವರ್ ದ ಜಾಯ್ಸ್’ ಅನ್ನೋ ಪ್ರಬಂಧದಲ್ಲಿ ಬರೆದ್ರು. ಅವರು ತೀರಿಕೊಂಡು ಎರಡು ವರ್ಷಕ್ಕೆ, 1952ರಲ್ಲಿ, ಅಮೆರಿಕದಲ್ಲಿ ಪ್ರಕಟವಾಯ್ತು. ಬ್ರಿಟನ್‌ನಲ್ಲಿ ಮಾನನಷ್ಟ ಕೇಸಿನ ಭಯಕ್ಕೆ 1968ರವರೆಗೆ ಬರಲೇ ಇಲ್ಲ. ಅದರಲ್ಲಿ ಅವರು ಹೇಳೋ ಒಂದು ಮಾತು ನನ್ನ ತಲೆಯಿಂದ ಹೋಗ್ತಿಲ್ಲ. ಪಾಪ ಅಂದ್ರೆ ನಾವು ಬೇಕಂತ ಮಾಡೋದೇ ಆಗಬೇಕಿಲ್ಲ, ನಮಗೆ ತಾನಾಗೇ ಆಗಿಬಿಡೋದೂ ಪಾಪ ಅನ್ನಿಸಿಕೊಳ್ಳುತ್ತೆ ಅಂತ ಆ ಹುಡುಗನಿಗೆ ಅವತ್ತು ಅನ್ನಿಸ್ತಂತೆ. ಒಳ್ಳೆಯವನಾಗಿರೋಕೆ ಸಾಧ್ಯವೇ ಇಲ್ಲದ ಪ್ರಪಂಚದಲ್ಲಿ ಸಿಕ್ಕಿಹಾಕಿಕೊಂಡ ಹಾಗೆ.

ತಮಾಷೆ ಏನು ಗೊತ್ತಾ? ಏಟಾದ ಸ್ವಲ್ಪ ದಿನಕ್ಕೆ ಒದ್ದೆ ಆಗೋದು ನಿಂತುಹೋಯ್ತು. ಅದನ್ನೂ ಆರ್ವೆಲ್ ಮುಚ್ಚಿಡದೆ ಬರೆದಿದ್ದಾರೆ: ಈ ಕ್ರೂರ ಮದ್ದು ಕೆಲಸ ಮಾಡುತ್ತೇನೋ, ಆದ್ರೆ ತೆರೋ ಬೆಲೆ ದೊಡ್ಡದು ಅಂತ. ನನಗೆ ಆ ‘ಏನೋ’ ಮೇಲೇ ಅನುಮಾನ. 2ನೇ ಭಾಗದ ಲೆಕ್ಕ ಮತ್ತೆ ನೋಡಿ. ಹೊಸ ಜಾಗಕ್ಕೆ ಹೊಂದಿಕೊಂಡ ಮೇಲೆ ಹೇಗೂ ನಿಲ್ತಿತ್ತು ಅಂತ ಯಾಕೆ ಅನ್ನಬಾರದು?

(4/5)

ಮುಖ್ಯ ತಿರುವು ಬಂದಿದ್ದು 1904ರಲ್ಲಿ, ಅದೂ ಆಕಸ್ಮಿಕವಾಗಿ. ಮೈನ್‌ಹಾರ್ಡ್ ಫಾನ್ ಫೌಂಡ್ಲರ್ ಅಂತ ಆಸ್ಟ್ರಿಯಾದ ಮಕ್ಕಳ ಡಾಕ್ಟರ್. ಆಸ್ಪತ್ರೆಯಲ್ಲಿ ಯಾವ ಮಗು ಒದ್ದೆಯಾಗಿದೆ ಅಂತ ನರ್ಸ್‌ಗಳಿಗೆ ಕೂಡಲೇ ಗೊತ್ತಾಗಲಿ, ಬಟ್ಟೆ ಬದಲಾಯಿಸಲಿ ಅಂತ ಒಂದು ಕರೆಂಟ್ ಬೆಲ್ ಮಾಡಿದ್ರು. ಒದ್ದೆಯಾದ್ರೆ ಟ್ರಿಣ್ ಅನ್ನುತ್ತೆ, ಅಷ್ಟೇ. ಕೆಲವು ವಾರ ಕಳೆದ ಮೇಲೆ ನೋಡಿದ್ರೆ ಮಕ್ಕಳು ಒದ್ದೆ ಮಾಡೋದೇ ನಿಲ್ಲಿಸಿದ್ದಾರೆ! ಬೆಲ್ ಇಟ್ಟಿದ್ದು ನರ್ಸ್‌ಗೆ, ಪಾಠ ಕಲಿತಿದ್ದು ಮಗು.

ಇದನ್ನ ಸೀರಿಯಸ್ಸಾಗಿ ತಗೊಂಡಿದ್ದು 34 ವರ್ಷ ಆದ್ಮೇಲೆ. 1938ರಲ್ಲಿ ಅಮೆರಿಕದ ಹೋಬಾರ್ಟ್ ಮೌರರ್ ಮತ್ತು ವಿಲ್ಲಿ ಮೇ ಮೌರರ್ ಅನ್ನೋ ದಂಪತಿ, ಇಬ್ಬರೂ ಸೈಕಾಲಜಿಯವರು, ಮಕ್ಕಳ ವಸತಿ ಗೃಹವೊಂದರಲ್ಲೇ ಇದ್ದುಕೊಂಡು ಮಾಡಿದ ಕೆಲಸ ಪ್ರಕಟಿಸಿದ್ರು. ಕಂಚಿನ ತಂತಿಬಲೆ ಎರಡು ಪದರ, ಮಧ್ಯೆ ದಪ್ಪ ಹತ್ತಿ ಬಟ್ಟೆ. ಬಟ್ಟೆ ನೆನೆದ್ರೆ ಸರ್ಕ್ಯೂಟ್ ಕೂಡಿ ಬೆಲ್ ಹೊಡೆಯುತ್ತೆ. ಮಗು ಎದ್ದು ಬೆಲ್ ಆಫ್ ಮಾಡಿ ಬಾತ್‌ರೂಮಿಗೆ ಹೋಗಿ ಬಂದು ಮಲಗಬೇಕು. 30 ಮಕ್ಕಳು. ಹೆಚ್ಚೆಂದ್ರೆ ಎರಡು ತಿಂಗಳಲ್ಲಿ ಎಲ್ಲರಿಗೂ ನಿಂತಿತು.

ಯೋಚನೆ ಮಾಡಿ. ಬೆತ್ತ ಬೀಳೋದು ಬೆಳಗ್ಗೆ, ಎದ್ದಿರೋ ಮಗುವಿಗೆ. ಆದ್ರೆ ಕಲೀಬೇಕಾಗಿರೋದು ನಿದ್ದೆಯಲ್ಲಿರೋ ಮಗು! ಬೆಲ್ ಆ ಕ್ಷಣಕ್ಕೇ ಬರುತ್ತೆ, ಅದಕ್ಕೆ ಸಿಟ್ಟಿಲ್ಲ, ಬೆಳಗ್ಗೆ ಎದ್ದು ಪಕ್ಕದ ಮನೆಯವರಿಗೆ ಹೇಳಲ್ಲ.

ಮರುವರ್ಷವೇ ಯುದ್ಧ. 1939ರ ಸೆಪ್ಟೆಂಬರ್‌ನಲ್ಲಿ ಬಾಂಬ್ ಭಯಕ್ಕೆ ಬ್ರಿಟನ್ನಿನ ನಗರಗಳಿಂದ ಕೆಲವೇ ದಿನದಲ್ಲಿ ಸುಮಾರು 15 ಲಕ್ಷ ಜನರನ್ನ ಹಳ್ಳಿಗಳಿಗೆ ಕಳಿಸಿದ್ರು, ಬಹುಪಾಲು ಮಕ್ಕಳು. ಅಪ್ಪ ಅಮ್ಮನ್ನ ಬಿಟ್ಟು ಬಂದ ಮಕ್ಕಳು ಪರರ ಮನೆ ಹಾಸಿಗೆ ಒದ್ದೆ ಮಾಡಿದ್ವು. ‘ಕೊಳಕು ಮನೆತನದವು’ ಅಂತ ಊರೆಲ್ಲ ಗುಲ್ಲು. ಕೊನೆಗೆ ಸರ್ಕಾರ ಬಟ್ಟೆ ಒಗೆಯೋ ಖರ್ಚಿಗೆ ಅಂತ ಆ ಮನೆಯವರಿಗೆ ಹೆಚ್ಚುವರಿ ದುಡ್ಡು ಕೊಡಬೇಕಾಯ್ತು.

(5/5)

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1985ರಲ್ಲಿ ಡೆನ್ಮಾರ್ಕಿನ ಡಾಕ್ಟರ್‌ಗಳು ತೋರಿಸಿದ್ದು: ರಾತ್ರಿ ಹೊತ್ತು ಮೂತ್ರ ಕಮ್ಮಿ ಮಾಡೋ ಹಾರ್ಮೋನ್ ಇಂಥ ಮಕ್ಕಳಲ್ಲಿ ಬೇರೆಯವರ ಹಾಗೆ ಏರಲ್ಲ. 1995ರಲ್ಲಿ, ಅದೂ ಡೆನ್ಮಾರ್ಕಿನಲ್ಲೇ, ಕೆಲವು ಕುಟುಂಬಗಳಲ್ಲಿ ಇದರ ಎಳೆ 13ನೇ ಕ್ರೋಮೋಸೋಮ್‌ನಲ್ಲಿ ಸಿಕ್ತು. ಅಂದ್ರೆ ಬೈಯೋ ಅಪ್ಪನೇ ಚಿಕ್ಕವನಿದ್ದಾಗ ಒದ್ದೆ ಮಾಡಿಕೊಂಡಿರೋ ಸಾಧ್ಯತೆ ಜಾಸ್ತಿ. ಅಜ್ಜಿಯನ್ನ ಕೇಳಿ ನೋಡಿ.

ನಾನು ಇದೆಲ್ಲ ಓದೋಕೆ ಕಾರಣ ನಮ್ಮ ಮನೆಯ ಒಬ್ಬ ಚಿಕ್ಕವನು. ಏಳು ವರ್ಷ. ಯಾರು ಅಂತ ಹೇಳಲ್ಲ, ಮಾತು ಕೊಟ್ಟಿದ್ದೀನಿ. ಮದುವೆಗೆ ಹೋದ್ರೆ ಅಲ್ಲಿ ಮಲಗಲ್ಲ ಅಂತ ಅಳ್ತಾನೆ, ಹಬ್ಬಕ್ಕೆ ಊರಿಗೆ ಹೋದ್ರೆ ಸಂಜೆಯಿಂದ ನೀರೇ ಮುಟ್ಟಲ್ಲ. ನಾನು ಡಾಕ್ಟರಲ್ಲ. ಮಕ್ಕಳ ಡಾಕ್ಟರ್‌ಗಳು ಸಾಮಾನ್ಯವಾಗಿ ಹೇಳೋದನ್ನ ಅವನ ಅಮ್ಮನಿಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ. ಐದು ವರ್ಷದೊಳಗೆ ಇದು ಕಾಯಿಲೆಯೇ ಅಲ್ಲ. ಹಗಲು ಚೆನ್ನಾಗಿ ನೀರು ಕುಡಿಯಲಿ, ಮಲಗೋ ಮುಂಚೆ ಬಾತ್‌ರೂಮಿಗೆ ಹೋಗಲಿ, ಮಲಬದ್ಧತೆ ಇದ್ರೆ ಮೊದಲು ಅದನ್ನ ಸರಿ ಮಾಡಿ. ಬೆಲ್ ಈಗ ಚಡ್ಡಿಗೆ ಸಿಕ್ಕಿಸೋ ಪುಟ್ಟ ಅಲಾರಂ ಆಗಿದೆ, ಬಳಸಿದ ಮೂವರಲ್ಲಿ ಇಬ್ಬರಿಗೆ ಎರಡು ಮೂರು ತಿಂಗಳಲ್ಲಿ ಫಲ ಕೊಡುತ್ತೆ. ಆದ್ರೆ ಶುರುವಿನಲ್ಲಿ ಮನೆಯವರೆಲ್ಲ ಎದ್ದು ಕೂತ್ರೂ ಆ ಮಗು ಮಾತ್ರ ಏಳಲ್ಲ! ದೊಡ್ಡವರೊಬ್ಬರು ಎಬ್ಬಿಸಬೇಕು. ಮಾತ್ರೆಯೂ ಇದೆ, ಅದು ಡಾಕ್ಟರ್ ಹೇಳಿದ್ರೆ ಮಾತ್ರ. ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾದ್ರೆ, ಉರಿ ಇದ್ರೆ, ವಿಪರೀತ ಬಾಯಾರಿಕೆ ಇದ್ರೆ ತಡ ಮಾಡದೆ ತೋರಿಸಿ.

ಕಾಮೆಂಟ್‌ನಲ್ಲಿ ಫ್ರೆಂಡ್ಸ್‌ನ ಟ್ಯಾಗ್ ಮಾಡಿ ತಮಾಷೆ ಮಾಡಿದ್ರೆ ಡಿಲೀಟ್ ಮಾಡ್ತೀನಿ, ಬೇಜಾರಾಗ್ಬೇಡಿ. ಏನಾದ್ರೂ ಕೇಳ್ಬೇಕಿದ್ರೆ ಡಿಎಂ ಮಾಡಿ. ತಮ್ಮನಿಗೆ ಅಂತ ಕೇಳಿದ್ರೂ ಸರಿ, ‘ತಮ್ಮನಿಗೆ’ ಅಂತ ಹೇಳ್ಕೊಂಡು ನಿಮಗೇ ಕೇಳಿದ್ರೂ ಸರಿ.