ಮಲೇರಿಯಾ ಪರಾವಲಂಬಿಯಲ್ಲಿ ಜೀರ್ಣಕಿಣ್ವಗಳ ಸಾಗಣೆ

ಮಲೇರಿಯಾ ತರುವ ಏಕಕೋಶ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂ, ತಾನು ಹೊಕ್ಕ ಕೆಂಪು ರಕ್ತಕಣದ ಹಿಮೋಗ್ಲೋಬಿನ್ ತಿಂದು ಬೆಳೆಯುತ್ತದೆ. ಸುಮಾರು 48 ಗಂಟೆಗಳಲ್ಲಿ ಕಣದೊಳಗಿನ ಹಿಮೋಗ್ಲೋಬಿನ್ನಿನ ಅರ್ಧಕ್ಕೂ ಹೆಚ್ಚು ಪಾಲು ಅರಗಿಹೋಗುತ್ತದೆ. ಅರಗುವುದು ಆಹಾರ ರಸದಾನಿ ಎಂಬ ಆಮ್ಲೀಯ ಚೀಲದಲ್ಲಿ. ಕಿಣ್ವಗಳು ತಯಾರಾಗುವುದು ಬೇರೆ ಕಡೆ.

ಮುಖ್ಯ ಕಿಣ್ವಗಳು ಪ್ಲಾಸ್ಮೆಪ್ಸಿನ್ ಮತ್ತು ಫಾಲ್ಸಿಪೈನ್ ಗುಂಪಿನವು. ಇವುಗಳಲ್ಲಿ ಪ್ಲಾಸ್ಮೆಪ್ಸಿನ್-2ರ ದಾರಿ ಹೆಚ್ಚು ಸ್ಪಷ್ಟವಾಗಿದೆ. ಹುಟ್ಟುವಾಗ ಅದಕ್ಕೊಂದು ಹೆಚ್ಚುವರಿ ತುಂಡು ಅಂಟಿಕೊಂಡಿರುತ್ತದೆ. ಆ ತುಂಡು ಕಿಣ್ವವನ್ನು ಪೊರೆಗೆ ಕಟ್ಟಿಹಾಕುತ್ತದೆ, ಅದರ ಹಲ್ಲನ್ನೂ ಕಟ್ಟಿಡುತ್ತದೆ. ತಯಾರಾಗುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಹೊರಟ ಕಿಣ್ವ ನೇರವಾಗಿ ರಸದಾನಿಗೆ ಹೋಗುವುದಿಲ್ಲ. ಮೊದಲು ಕೋಶದ ಅಂಚಿನ ಸೈಟೋಸ್ಟೋಮ್‌ಗೆ, ಅಂದರೆ ಪರಾವಲಂಬಿಯ ಬಾಯಿಗೆ, ಬರುತ್ತದೆ. ಅಲ್ಲಿ ಪೊರೆ ಒಳಕ್ಕೆ ಕುಳಿಬಿದ್ದು ರಕ್ತಕಣದ ರಸವನ್ನು ಗುಟುಕರಿಸುತ್ತದೆ. ತುತ್ತಿಗೆ ಬಾಯಲ್ಲೇ ಜೊಲ್ಲು ಬೆರೆತಂತೆ, ಆ ಗುಟುಕಿನ ಜೊತೆಗೇ ಕಿಣ್ವವೂ ರಸದಾನಿ ಸೇರುತ್ತದೆ. ಅಲ್ಲಿನ ಆಮ್ಲದಲ್ಲಿ ಸಾಮಾನ್ಯವಾಗಿ ಫಾಲ್ಸಿಪೈನ್‌ಗಳೇ ಹೆಚ್ಚುವರಿ ತುಂಡನ್ನು ಕತ್ತರಿಸಿ ಕಿಣ್ವವನ್ನು ಕೆಲಸಕ್ಕೆ ಹಚ್ಚುತ್ತವೆ. ಕಿಣ್ವಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜೋಡಿಸಿ ಈ ಪಯಣವನ್ನು 2004ರಲ್ಲಿ ತೋರಿಸಿದವರು ಅಮೆರಿಕದ ಮೈಕೆಲ್ ಕ್ಲೆಂಬಾ, ಡೇನಿಯಲ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು. ಊಟ ಮತ್ತು ಕಿಣ್ವ ಒಂದೇ ಬಂಡಿಯಲ್ಲಿ ಬರುವ ಈ ಏರ್ಪಾಡು ಜೀವಕೋಶ ವಿಜ್ಞಾನದ ಅತಿ ಸೊಗಸಾದ ಸಂಗತಿಗಳಲ್ಲೊಂದು.

ಮನುಷ್ಯರ ಕೋಶಗಳಲ್ಲಿ ಹೀಗಿಲ್ಲ. ನಮ್ಮ ಕೋಶದ ಜೀರ್ಣಚೀಲವಾದ ಲೈಸೊಸೋಮ್‌ನ ಕಿಣ್ವಗಳಲ್ಲಿ ಹೆಚ್ಚಿನವಕ್ಕೆ ಮ್ಯಾನೋಸ್-6-ಫಾಸ್ಫೇಟ್ ಎಂಬ ವಿಳಾಸಚೀಟಿ ಅಂಟಿಸಲಾಗುತ್ತದೆ. ಆಮಶಂಕೆ ತರುವ ಎಂಟಮೀಬಾ ಹಿಸ್ಟಾಲಿಟಿಕಾ ಆ ಚೀಟಿಯನ್ನು ಬಳಸದೆ, ತನ್ನದೇ ಆದ ಗ್ರಾಹಕ ಪ್ರೋಟೀನುಗಳಿಂದ ಕಿಣ್ವಗಳನ್ನು ಹಿಡಿದು ಸಾಗಿಸುತ್ತದೆ.

ಮತ್ತೆ ಮಲೇರಿಯಾ ಪರಾವಲಂಬಿಗೆ ಬಂದರೆ, ಹಿಮೋಗ್ಲೋಬಿನ್ ಒಡೆದಾಗ ಹೊರಬೀಳುವ, ಕಬ್ಬಿಣವುಳ್ಳ ಹೀಮ್ ಅದಕ್ಕೇ ವಿಷ. ಹೀಮನ್ನು ಪರಾವಲಂಬಿ ಹೀಮೋಜೋಯಿನ್ ಎಂಬ ಕಂದು ಹರಳಾಗಿ ಕಟ್ಟಿಡುತ್ತದೆ. ಈ ಕಟ್ಟುವಿಕೆಯನ್ನು ತಡೆಯುವುದೇ ಕ್ಲೋರೋಕ್ವಿನ್ ಮಾತ್ರೆಯ ಕೆಲಸ. ಇಷ್ಟು ಹೀಮ್ ನಡುವೆ ಇದ್ದರೂ ಪರಾವಲಂಬಿ ಹೀಮನ್ನು ತಾನೂ ತಯಾರಿಸಿಕೊಳ್ಳುತ್ತದೆ ಎಂದು 1992ರಲ್ಲಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್. ಆ ಸ್ವಂತ ತಯಾರಿಕೆ ರಕ್ತಹಂತದಲ್ಲಿ ಅನಿವಾರ್ಯವಲ್ಲ, ಸೊಳ್ಳೆಯಲ್ಲೂ ಯಕೃತ್ತಿನಲ್ಲೂ ಬೆಳೆಯುವಾಗ ಮಾತ್ರ ಅದಿಲ್ಲದೆ ಆಗದು ಎಂಬುದು 2013ರಲ್ಲಿ ಪದ್ಮನಾಭನ್ ಮತ್ತು ಸಹೋದ್ಯೋಗಿಗಳ ಪ್ರಯೋಗಗಳಿಂದ ತಿಳಿಯಿತು.