ಕಾಣಿಯೂರನ್ನು ಎಲ್ಲಿ ತುಂಡು ಮಾಡೋದು?

ಪುತ್ತೂರಿನಿಂದ ಸುಬ್ರಹ್ಮಣ್ಯದ ಕಡೆ ರೈಲಿನಲ್ಲಿ ಹೋದರೆ ನಡುವೆ ಕಾಣಿಯೂರು ಸ್ಟೇಷನ್ ಸಿಗುತ್ತದೆ. ಬೋರ್ಡಿನಲ್ಲಿರೋದು ನಾಲ್ಕೇ ಅಕ್ಷರ. ಆದರೆ ತುಂಡು ಮಾಡಿ ಅಂದ್ರೆ ಎರಡು ಉತ್ತರ ಬರುತ್ತೆ ಮಾರಾಯ್ರೆ. ಅರ್ಥ ನೋಡಿದರೆ ಕಾಣಿ, ಊರು. ಬಾಯಲ್ಲಿ ಹೇಳಿದರೆ ಕಾ-ಣಿ-ಯೂ-ರು. ನಡುವಿನ ‘ಯ’ ಎರಡೂ ಪದದ್ದಲ್ಲ, ಎರಡು ಸ್ವರ ಎದುರುಬದುರಾದಾಗ ಒಳಗೆ ಬಂದದ್ದು. ಶಾಲೆಯಲ್ಲಿ ಆಗಮ ಸಂಧಿ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ.

ಉದ್ದುದ್ದ ಜೋಡುಪದಗಳ ಡಚ್ ಭಾಷೆಯಲ್ಲಿ ಅರ್ಥದ ಗಡಿಯಲ್ಲೇ ಕತ್ತರಿಸುತ್ತಾರೆ. ಒಂದೇ ಸ್ಪೆಲ್ಲಿಂಗನ್ನು ‘ಕ್ವಾರ್ಟ್-ಸ್ಲಾಗನ್’ ಅಂತ ಒಡೆದರೆ ಕಾಲು ಸುತ್ತುಗಳು, ‘ಕ್ವಾರ್ಟ್ಸ್-ಲಾಗನ್’ ಅಂತ ಒಡೆದರೆ ಕ್ವಾರ್ಟ್ಸ್ ಕಲ್ಲಿನ ಪದರಗಳು! ಒತ್ತು ಸಾಮಾನ್ಯವಾಗಿ ಮೊದಲ ಪದದ ಮೇಲೆ. ನಮ್ಮಲ್ಲಿ ಬೆಟ್ಟ, ತಾವರೆ ಸೇರಿ ‘ಬೆಟ್ಟದಾವರೆ’ ಆಗುವಾಗ ‘ತ’ ಹೋಗಿ ‘ದ’ ಬರುತ್ತದೆ. ಗಡಿಕಲ್ಲೇ ಬದಲಾದ ಮೇಲೆ ಅಳತೆ ಹೇಗೆ?

ನಮ್ಮ ಹಳಬರು ಅಳೆದದ್ದು ಒತ್ತಿನಿಂದಲ್ಲ, ಮಾತ್ರೆಯಿಂದ. 10ನೇ ಶತಮಾನದ ಕೊನೆಯ ನಾಗವರ್ಮನ ‘ಛಂದೋಂಬುಧಿ’ ಲಘು, ಗುರುಗಳ ಶಾಸ್ತ್ರ. ‘ಕನ್ನಡ’ದಲ್ಲಿ ‘ಕ’ ಹ್ರಸ್ವವಾದರೂ ಗುರು. ಯಾಕಂದ್ರೆ ಮುಂದಿರೋದು ಒತ್ತಕ್ಷರ. ಕಿವಿಗೆ ಅದು ಕನ್-ನ-ಡ.

ಬಾಸೆಲ್ ಮಿಶನ್ ಮಂಗಳೂರಿನಲ್ಲಿ 1841ರಲ್ಲಿ ಪ್ರೆಸ್ ಶುರು ಮಾಡಿತು. ಕಿಟ್ಟೆಲ್ ಸಂಪಾದಿಸಿದ ಛಂದೋಂಬುಧಿ 1875ರಲ್ಲಿ ಅಲ್ಲೇ ಅಚ್ಚಾಯಿತು. ತಮಾಷೆ ಏನಂದ್ರೆ, ಅಚ್ಚಿನಲ್ಲಿ ಸಾಲಿನ ಕೊನೆಗೆ ಜಾಗ ಸಾಲದಿದ್ದರೆ ‘ಕ-’ ಮೇಲೆ, ‘ನ್ನಡ’ ಕೆಳಗೆ. ಒತ್ತಕ್ಷರವನ್ನು ಸೀಳಲಿಕ್ಕೆ ಆಗೋದಿಲ್ಲವಲ್ಲ! ನಾಗವರ್ಮನ ಕಿವಿ ಕತ್ತರಿಸಿದ ಜಾಗ ಬೇರೆ, ಅಚ್ಚಿನ ಮೊಳೆ ಕತ್ತರಿಸುವ ಜಾಗ ಬೇರೆ.

ನನ್ನ ಕಸುಬಿನ ಕಡೆಯಿಂದ ಒಂದು ಮಾತು. ಯುನಿಕೋಡ್‌ನಲ್ಲಿ ‘ಕನ್ನಡ’ ಅಂದ್ರೆ ಐದು ಸಂಕೇತ: ಕ, ನ, ಹಲಂತ, ನ, ಡ. ಕಿವಿ ಕೇಳಿದ ಆ ಬಿರುಕು ಒಳಗೆ ಇದ್ದೇ ಇದೆ. ಗುರು, ಲಘು ಲೆಕ್ಕ ಹಾಕುವ ಪ್ರೋಗ್ರಾಂ ಬರೆಯೋದು ಅದರಿಂದ ಸುಲಭ. ಆದರೆ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಹೋಗಿ ಬಂದರೆ ಕಥೆ ಮುಗೀತು. ‘ಣ’ ಹೋಗಿ ‘ನ’ ಆಗುತ್ತದೆ, ದೀರ್ಘ ಯಾವುದು ಅಂತ ಗೊತ್ತಾಗೋದಿಲ್ಲ. ಫೋನು ‘ಕನಿಯುರ್’ ಅಂದರೆ ನಾವು ನಕ್ಕು ಬೋರ್ಡು ನೋಡಿಕೊಳ್ಳುತ್ತೇವೆ. ಕಣ್ಣು ಕಾಣದವರಿಗೆ ಆ ದನಿಯೇ ಬೋರ್ಡು. ಅವರಿಗೆ ಬೇಕಾದದ್ದು ಕಾ ಎರಡು, ಣಿ ಒಂದು, ಯೂ ಎರಡು, ರು ಒಂದು, ಒಟ್ಟು ಆರು ಮಾತ್ರೆ.