ಕ್ಯಾಟಗ್ಲಿಫಿಸ್ ಫೋರ್ಟಿಸ್

ಕ್ಯಾಟಗ್ಲಿಫಿಸ್ ಫೋರ್ಟಿಸ್ ಉತ್ತರ ಆಫ್ರಿಕಾದ ಟುನೀಶಿಯಾ ಮತ್ತು ಅಲ್ಜೀರಿಯಾ ದೇಶಗಳ ಉಪ್ಪಿನ ಬಯಲುಗಳಲ್ಲಿ ವಾಸಿಸುವ ಮರುಭೂಮಿ ಇರುವೆಯ ಒಂದು ಪ್ರಭೇದ. ಇದು ಫಾರ್ಮಿಸಿಡೆ ಕುಟುಂಬದ ಫಾರ್ಮಿಸಿನೆ ಉಪಕುಟುಂಬಕ್ಕೆ ಸೇರಿದೆ. ಗುರುತುಗಳೇ ಇಲ್ಲದ ಬಯಲಿನಲ್ಲಿ ಅಲೆದು ಗೂಡಿಗೆ ನೇರವಾಗಿ ಮರಳುವ ಸಾಮರ್ಥ್ಯಕ್ಕಾಗಿ ಇದು ಪ್ರಸಿದ್ಧವಾಗಿದೆ. ಆದರೆ ಹೆಸರು ಪಡೆದ ಮೇಲೂ ಸುಮಾರು ಎಂಬತ್ತು ವರ್ಷಗಳ ಕಾಲ ಇದನ್ನು ಸ್ವತಂತ್ರ ಪ್ರಭೇದವೆಂದು ಎಣಿಸಿರಲಿಲ್ಲ.

ವರ್ಗೀಕರಣದ ಇತಿಹಾಸ

ಸ್ವಿಟ್ಜರ್ಲೆಂಡಿನ ಮನೋವೈದ್ಯ ಹಾಗೂ ಇರುವೆ ತಜ್ಞ ಆಗಸ್ಟ್ ಫೋರೆಲ್ ಅವರು 1902ರಲ್ಲಿ ಈ ಇರುವೆಯನ್ನು ಮೊದಲ ಬಾರಿಗೆ ವರ್ಣಿಸಿದರು. ಅವರ ದೃಷ್ಟಿಯಲ್ಲಿ ಇದು ರೋಜರ್ 1859ರಲ್ಲಿ ಹೆಸರಿಸಿದ್ದ ಆಲ್ಬಿಕನ್ಸ್ ಪ್ರಭೇದದ ಒಂದು ಬಗೆ ಮಾತ್ರ. ‘ಫೋರ್ಟಿಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಬಲಶಾಲಿ. ಆಗ ಈ ಗುಂಪಿನ ಇರುವೆಗಳನ್ನು ಮಿರ್ಮೆಕೊಸಿಸ್ಟಸ್ ಕುಲದಲ್ಲಿ ಸೇರಿಸುವ ರೂಢಿಯಿತ್ತು. ಹೊಟ್ಟೆಯಲ್ಲಿ ಸಿಹಿರಸವನ್ನು ತುಂಬಿಟ್ಟುಕೊಳ್ಳುವ ಇರುವೆಗಳ ಆ ಕುಲವು ಉತ್ತರ ಅಮೆರಿಕಕ್ಕೆ ಮಾತ್ರ ಸೀಮಿತವೆಂದು ಮುಂದೆ ಖಚಿತವಾಯಿತು. ಹಳೆಯ ಜಗತ್ತಿನ ಇರುವೆಗಳಿಗೆ, ಫೋರ್ಸ್ಟರ್ 1850ರಲ್ಲಿ ಸ್ಥಾಪಿಸಿದ್ದ ಕ್ಯಾಟಗ್ಲಿಫಿಸ್ ಎಂಬ ಕುಲನಾಮವೇ ನಿಂತಿತು. ವೈಜ್ಞಾನಿಕ ಹೆಸರಿನ ಜೊತೆ ‘(ಫೋರೆಲ್, 1902)’ ಎಂದು ಆವರಣದೊಳಗೆ ಬರೆಯುವುದು ಈ ಕುಲಾಂತರದ ಸೂಚನೆ. ಆವರಣವನ್ನು ಕೈಬಿಟ್ಟು ಬರೆದರೆ ಅರ್ಥ ಬೇರೆಯಾಗುತ್ತದೆ.

ಟುನೀಶಿಯಾದ ಕೈರವಾನ್ ನಗರದಲ್ಲಿ ವೈದ್ಯರಾಗಿದ್ದ ಫೆಲಿಕ್ಸ್ ಸಾಂಟ್ಶಿ ಅವರೂ 1929ರಲ್ಲಿ ಈ ಕುಲವನ್ನು ಕುರಿತು ಬರೆದರು. ಆ ಕಾಲದ ತಜ್ಞರು ಬಣ್ಣ, ರೋಮ ಮೊದಲಾದ ಸಣ್ಣ ವ್ಯತ್ಯಾಸಗಳಿಗೂ ಬೇರೆ ಬೇರೆ ಹೆಸರು ಕೊಡುತ್ತಿದ್ದರು. ಇದರಿಂದ ಹೆಸರುಗಳ ರಾಶಿ ಬೆಳೆಯಿತೇ ಹೊರತು ಪ್ರಭೇದಗಳ ಗಡಿ ಸ್ಪಷ್ಟವಾಗಲಿಲ್ಲ.

ಜ್ಯೂರಿಕ್ ವಿಶ್ವವಿದ್ಯಾಲಯದ ರೂಡಿಗರ್ ವೇನರ್ ಅವರು 1983ರಲ್ಲಿ ದೇಹರಚನೆ, ಅದರ ಕಾರ್ಯ ಮತ್ತು ಭೌಗೋಳಿಕ ಹಂಚಿಕೆಗಳನ್ನು ಒಟ್ಟಿಗೆ ಪರಿಶೀಲಿಸಿ ಫೋರ್ಟಿಸ್ ಅನ್ನು ಸ್ವತಂತ್ರ ಪ್ರಭೇದದ ಸ್ಥಾನಕ್ಕೆ ಏರಿಸಿದರು. 1990ರಲ್ಲಿ ಡೊನಾಟ್ ಅಗೋಸ್ಟಿ ಇಡೀ ಕುಲವನ್ನು ಪ್ರಭೇದ-ಗುಂಪುಗಳಾಗಿ ಪುನರ್ವಿಂಗಡಿಸಿದರು.

ಗುರುತಿಸುವಿಕೆ

ಕೆಲಸಗಾರ ಇರುವೆಯ ಮೈಬಣ್ಣ ಕಪ್ಪು. ದೇಹದ ಗಾತ್ರಕ್ಕೆ ಹೋಲಿಸಿದರೆ ಕಾಲುಗಳು ಬಹಳ ಉದ್ದ. ಉಪಕುಟುಂಬದ ಇತರ ಇರುವೆಗಳಂತೆ ಸೊಂಟದಲ್ಲಿ ಒಂದೇ ಗಂಟು ಇರುತ್ತದೆ. ಕೊಂಡಿ ಇರುವುದಿಲ್ಲ, ಬದಲಿಗೆ ಫಾರ್ಮಿಕ್ ಆಮ್ಲವನ್ನು ಹೊರಸೂಸುವ ರಂಧ್ರವಿರುತ್ತದೆ. ಇದೇ ಪ್ರದೇಶದ ಕ್ಯಾಟಗ್ಲಿಫಿಸ್ ಬೈಕಲರ್ ಇರುವೆಯ ತಲೆ ಮತ್ತು ಎದೆ ಕೆಂಪಾಗಿದ್ದು ಉದರ ಕಪ್ಪಾಗಿರುತ್ತದೆ. ಕ್ಯಾಟಗ್ಲಿಫಿಸ್ ಬೊಂಬಿಸಿನಾ ಬೆಳ್ಳಿಯಂತೆ ಹೊಳೆಯುವ ರೋಮಗಳಿಂದ ತಕ್ಷಣ ತಿಳಿಯುತ್ತದೆ. ತೊಡಕು ಇರುವುದು ಕಪ್ಪು ಬಣ್ಣದ ಇತರ ಪ್ರಭೇದಗಳೊಡನೆ. ಅಲ್ಲಿ ಬಣ್ಣವನ್ನು ನಂಬುವಂತಿಲ್ಲ; ಛಾಯಾಚಿತ್ರವನ್ನಷ್ಟೇ ನೋಡಿ ಹೆಸರಿಡುವುದು ಅಪಾಯಕರ. ಈ ಕುಲದಲ್ಲಿ ಗಂಡು ಇರುವೆಗಳ ಜನನಾಂಗದ ರಚನೆಯು ಕೆಲಸಗಾರರ ಹೊರರೂಪಕ್ಕಿಂತ ಹೆಚ್ಚು ಭರವಸೆಯ ಲಕ್ಷಣ. ಗಂಡುಗಳು ವರ್ಷದ ಕೆಲವು ಕಾಲ ಮಾತ್ರ ಸಿಗುವುದರಿಂದ, ಮಾದರಿ ಎಲ್ಲಿ ದೊರೆಯಿತು ಎಂಬುದನ್ನೂ ದಾಖಲಿಸುವುದು ಅಗತ್ಯ.

ಆವಾಸ ಮತ್ತು ವರ್ತನೆ

ಟುನೀಶಿಯಾದ ಷಾಟ್ ಎಲ್ ಜೆರಿದ್‌ನಂತಹ ಒಣಗಿದ ಉಪ್ಪಿನ ಬಯಲುಗಳು ಇದರ ನೆಲೆ. ಬೈಕಲರ್ ಕುರುಚಲು ಗಿಡಗಳಿರುವ ನೆಲದಲ್ಲಿ ಬಾಳುತ್ತದೆ. ಫೋರ್ಟಿಸ್ ಕೆಲಸಗಾರರು ಬಿಸಿಲಿನಿಂದ ಸತ್ತ ಕೀಟಗಳನ್ನು ಹುಡುಕಿ ಒಂಟಿಯಾಗಿ ನೂರಾರು ಅಡಿ ದೂರ ಹೋಗುತ್ತವೆ. ಆಕಾಶದ ಧ್ರುವೀಕೃತ ಬೆಳಕಿನಿಂದ ದಿಕ್ಕನ್ನೂ, ಹೆಜ್ಜೆಗಳ ಲೆಕ್ಕದಿಂದ ದೂರವನ್ನೂ ತಿಳಿಯುತ್ತವೆ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಆಹಾರ ದೊರೆತ ಸ್ಥಳದಲ್ಲಿ ಕೆಲವು ಇರುವೆಗಳ ಕಾಲಿಗೆ ಹಂದಿಯ ಬಿರುಗೂದಲಿನ ಮರಗಾಲು ಅಂಟಿಸಲಾಯಿತು. ಇನ್ನು ಕೆಲವುದರ ಕಾಲನ್ನು ಮೊಟಕುಗೊಳಿಸಲಾಯಿತು. ಮೊದಲಿನವು ಗೂಡಿರಬೇಕಾದ ಸ್ಥಳವನ್ನು ದಾಟಿ ಹೋದವು, ಎರಡನೆಯವು ಅದಕ್ಕಿಂತ ಮುಂಚೆಯೇ ನಿಂತು ಹುಡುಕತೊಡಗಿದವು.

ಕಾಲಿನ ಉದ್ದವನ್ನೇ ಆಧರಿಸಿದ ಇಂತಹ ಫಲಿತಾಂಶವನ್ನು ಬೇರೆ ಪ್ರಭೇದಕ್ಕೆ ಅನ್ವಯಿಸುವಾಗ ಎಚ್ಚರ ಬೇಕು. ಇಲ್ಲಿಯೇ ವರ್ಗೀಕರಣದ ಪ್ರಯೋಜನ ಕಾಣುತ್ತದೆ. 1983ಕ್ಕಿಂತ ಹಿಂದಿನ ಸಂಶೋಧನಾ ಲೇಖನಗಳಲ್ಲಿ ಫೋರ್ಟಿಸ್ ಎಂಬ ಪ್ರಭೇದವನ್ನು ಹುಡುಕಿದರೆ ಸಿಗುವುದಿಲ್ಲ. ವೇನರ್ ಅವರೊಡನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದ ಮಂಡ್ಯಂ ಶ್ರೀನಿವಾಸನ್ ಅವರು ಈ ಕುಲದ ಇರುವೆಗಳು ಗೂಡನ್ನು ಅರಸುವ ಬಗೆಯನ್ನು ವಿವರಿಸಿದ ಪ್ರಸಿದ್ಧ ಲೇಖನವೂ 1981ರದು. ಆ ಕಾಲದ ಬರಹಗಳಲ್ಲಿ ‘ಆಲ್ಬಿಕನ್ಸ್’ ಎಂದು ಕಂಡಾಗ, ಅಧ್ಯಯನ ನಡೆದ ನೆಲ ಉಪ್ಪಿನ ಬಯಲೇ ಎಂದು ನೋಡಿಕೊಂಡು ಓದಬೇಕಾಗುತ್ತದೆ.